ಬೆಕ್ಕಿನ ಪೆಟ್ಟಿಗೆಗೆ ಭತ್ತದ ಹೊಟ್ಟು

ಮಗಳೇ,

ವಿಜಯವಾಡ ಪಕ್ಕದ ಗನ್ನವರಂನಂಥ ಊರಲ್ಲಿದ್ದುಕೊಂಡು ಬೆಕ್ಕಿನ ಕಕ್ಕಸು ಪೆಟ್ಟಿಗೆಗೆ ಹಾಕುವ ಲಿಟರ್‌ಗೆ ತಿಂಗಳು ತಿಂಗಳೂ ದುಡ್ಡು ಸುರಿಯುವುದೇಕೆ, ಸುತ್ತ ರೈಸ್ ಮಿಲ್ಲುಗಳ ಹಿಂದೆ ಹೊಟ್ಟಿನ ರಾಶಿ ಬಿದ್ದಿರುವಾಗ ಮನೆಯಲ್ಲೇ ಮಾಡಿಕೊಳ್ಳಬಾರದೇ ಎಂದು ನೀನು ಈ ಕಾಕಾನನ್ನು ಕೇಳಿದೆ. ಮಾಡಿಕೊಳ್ಳಬಹುದು, ಚೆನ್ನಾಗಿಯೇ ಮಾಡಿಕೊಳ್ಳಬಹುದು. ಆದರೆ ಗಿಡಮರದಿಂದ ಬಂದದ್ದೆಲ್ಲ ಬೆಕ್ಕಿಗೆ ಒಳ್ಳೆಯದು ಅನ್ನುವ ನಂಬಿಕೆಯನ್ನು ಮೊದಲು ಬಿಡು. ಹೊಗೆಸೊಪ್ಪೂ ಗಿಡದ್ದೇ. ಪೆಟ್ಟಿಗೆಗೆ ಹಾಕುವ ವಸ್ತು ಚೆನ್ನಾಗಿ ಒಣಗಿರಬೇಕು, ಧೂಳು ಏಳಬಾರದು, ಘಾಟು ವಾಸನೆ ಇರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಬೆಕ್ಕು ನಿನ್ನ ಹಾಸಿಗೆಯ ಮೇಲೆ ಹೋಗಿ ಕೂರುತ್ತದೆ, ಆಮೇಲೆ ಅದನ್ನು ಬೈದು ಫಲವಿಲ್ಲ.

ನೀನು ಹುಟ್ಟಿ ಬೆಳೆದ ಗಂಗಾವತಿ, ಈಗಿರುವ ಗನ್ನವರಂ, ಎರಡೂ ಭತ್ತದ ಸೀಮೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಬಂದ ಮೇಲೆ ಕೃಷ್ಣಾ, ಗೋದಾವರಿ ಸೀಮೆಯ ರೈತರು ನಮ್ಮ ಕಡೆ ಬಂದು ಜಮೀನು ಕೊಂಡು ನೆಲೆಸಿದರು. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಸುತ್ತಲ ಕ್ಯಾಂಪು ಎಂಬ ಅವರ ಊರುಗಳೆಲ್ಲ ಆಗ ಹುಟ್ಟಿದವು. ಹಾಗಾಗಿ ಹೊಟ್ಟಿನ ಗುಣದೋಷ ನಮಗೂ ಗೊತ್ತು, ಅಲ್ಲಿಯವರಿಗೂ ಗೊತ್ತು. ನೂರು ಕೆಜಿ ಭತ್ತ ಗಿರಣಿಗೆ ಹೋದರೆ ಸುಮಾರು ಇಪ್ಪತ್ತು ಕೆಜಿ ಹೊಟ್ಟು ಹೊರಗೆ ಬರುತ್ತದೆ. ಅರ್ಧಕ್ಕರ್ಧ ಮಿಲ್ಲಿನ ಬಾಯ್ಲರಿಗೆ, ಇಟ್ಟಿಗೆ ಭಟ್ಟಿಗೆ, ಕೋಳಿ ಫಾರಂಗೆ ಹೋದರೂ ಒಂದು ಚೀಲಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ಅಲ್ಲಿ ತೆಲುಗಿನಲ್ಲಿ 'ಊಕ' ಎಂದು ಕೇಳು. 'ತವುಡು' ಅಂದರೆ ನಮ್ಮ ತೌಡೇ, ಅದು ಬೇಡ.

ಅಂಗಡಿಯ ಜೇಡಿಮಣ್ಣಿನ ಲಿಟರ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅದರ ಹಿಂದೆ ಒಂದು ಕಥೆಯಿದೆ. ನಮ್ಮ ಹಳೆಯ ಮನೆಗಳಲ್ಲಿ ಬೆಕ್ಕು ತಣ್ಣಗಾದ ಒಲೆಯ ಬೂದಿಯಲ್ಲಿ ಕೆದರಿ ಕೂರುತ್ತಿದ್ದದ್ದು ನಿನ್ನ ಅಜ್ಜಿಗೆ ದಿನದ ತಕರಾರಾಗಿತ್ತು. ಅಮೆರಿಕದಲ್ಲೂ ಬೂದಿ, ಮರಳನ್ನೇ ಪೆಟ್ಟಿಗೆಗೆ ಹಾಕುತ್ತಿದ್ದರು. 1947ರಲ್ಲಿ ಮಿಶಿಗನ್ ರಾಜ್ಯದ ಎಡ್ವರ್ಡ್ ಲೋ ಎಂಬಾತ, ಮರಳು ಕೇಳಿ ಬಂದ ನೆರೆಮನೆಯಾಕೆಗೆ ಎಣ್ಣೆ ಹೀರುವ ಒಂದು ಬಗೆಯ ಒಣ ಜೇಡಿಯನ್ನು ಕೊಟ್ಟ. ಬೆಕ್ಕಿನ ಲಿಟರ್ ಎಂಬ ವ್ಯಾಪಾರ ಶುರುವಾದದ್ದು ಅಲ್ಲಿಂದ. ಒದ್ದೆಯಾದ ಕೂಡಲೇ ಗಡ್ಡೆ ಕಟ್ಟುವ ಬೆಂಟೋನೈಟ್ ಲಿಟರ್ ಬಂದದ್ದು 1980ರ ದಶಕದಲ್ಲಿ. ನಮ್ಮ ದೇಶದಲ್ಲಿ ಆ ಮಣ್ಣು ಕಛ್‌ನಲ್ಲಿ, ಬಾಡ್ಮೇರ್‌ನಲ್ಲಿ ಸಿಗುತ್ತದೆ. ನೆಲ ಅಗೆದು, ಒಣಗಿಸಿ, ಪುಡಿಮಾಡಿ, ಲಾರಿಯಲ್ಲಿ ಸಾವಿರಾರು ಕಿಲೋಮೀಟರು ಸಾಗಿಸಿ ತಂದದ್ದನ್ನು ಎರಡೇ ದಿನದಲ್ಲಿ ಕಸಕ್ಕೆ ಹಾಕುತ್ತೇವೆ, ಹಾಕಿದ್ದು ಕೊಳೆಯುವುದೂ ಇಲ್ಲ. ಮನೆಯ ಪಕ್ಕದಲ್ಲೇ ಹೊಟ್ಟು ಇರುವವರಿಗೆ ಈ ಸಾಗಾಟ ಬೇಕಿಲ್ಲ.

ಬೆಕ್ಕಿನ ಕಾಲಿನಿಂದ ಶುರುಮಾಡೋಣ. ಬೆಕ್ಕಿನ ಮೂಲ ಮರುಭೂಮಿಯ ಕಾಡುಬೆಕ್ಕು. ಪಾದದ ಕೆಳಗೆ ಸಣ್ಣ ಹರಳಿನ, ಸಡಿಲವಾದ, ಕೆದರಲು ಸುಲಭವಾದ ನೆಲವನ್ನು ಅದು ಹುಡುಕುತ್ತದೆ. ಮಿಲ್ಲಿನ ಇಡೀ ಹೊಟ್ಟನ್ನು ಹಾಗೆಯೇ ಸುರಿದರೆ ಎರಡು ತೊಂದರೆ. ಹೊಟ್ಟಿನ ಎರಡೂ ತುದಿ ಚೂಪು. ಒಂದನ್ನು ಎತ್ತಿ ಅಂಗೈಯ ಮೆತ್ತನೆಯ ಜಾಗಕ್ಕೆ ಒತ್ತಿ ನೋಡು, ಚುಚ್ಚುವುದು ಗೊತ್ತಾಗುತ್ತದೆ. ಜೊತೆಗೆ ಅದರ ಹೊರಮೈಯಲ್ಲಿ ಸಿಲಿಕಾ ತುಂಬಿದೆ. ಹೊಟ್ಟು ಸುಟ್ಟರೆ ತೂಕದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗ ಬೂದಿ ಉಳಿಯುತ್ತದೆ, ಆ ಬೂದಿಯ ಬಹುಪಾಲು ಸಿಲಿಕಾವೇ. ಹಾಗಾಗಿ ಇಡೀ ಹೊಟ್ಟು ನೀರನ್ನು ಹೀರುವುದಿಲ್ಲ, ಉಚ್ಚೆ ಸೀದಾ ತಟ್ಟೆಯ ತಳಕ್ಕೆ ಇಳಿದು ನಿಲ್ಲುತ್ತದೆ. ಒಡೆದ ಹೊಟ್ಟಾದರೆ ಒಳಮೈ ತೆರೆದುಕೊಂಡು ಹೀರುತ್ತದೆ, ಚೂಪೂ ಮುರಿಯುತ್ತದೆ.

ಒಡೆದ ಹೊಟ್ಟು ಬೇಕೆಂದು ಹಳೆಯ ಹಲ್ಲರ್ ಗಿರಣಿಯ ಹೊಟ್ಟು ತರಬೇಡ. ಅಲ್ಲಿ ಹೊಟ್ಟೂ ತೌಡೂ ಬೆರೆತೇ ಬರುತ್ತವೆ. ತೌಡಿನಲ್ಲಿ ಎಣ್ಣೆಯಿದೆ, ಇರುವೆ ಮುತ್ತುತ್ತದೆ, ಮಳೆಗಾಲದಲ್ಲಿ ಮುಗ್ಗಲು ಹಿಡಿಯುತ್ತದೆ. ಹೊಟ್ಟನ್ನು ಬೇರೆಯಾಗಿಯೇ ಸುಲಿಯುವ ಶೆಲ್ಲರ್ ಇರುವ ದೊಡ್ಡ ಮಿಲ್ಲಿನ ಶುದ್ಧ ಹೊಟ್ಟು ತಂದು, ಕೋಳಿ ಮೇವು ಅರೆಯುವವರ ಹತ್ತಿರ ದಪ್ಪ ಜರಡಿ ಹಾಕಿಸಿ ಒಡೆಸು. ಹಿಟ್ಟಿನ ಗಿರಣಿಯವನು ಒಪ್ಪುವುದಿಲ್ಲ, ಸಿಲಿಕಾ ಅವನ ಕಲ್ಲನ್ನು ಸವೆಸುತ್ತದೆ. ರವೆಗಿಂತ ತುಸು ದಪ್ಪಗಿದ್ದರೆ ಸಾಕು, ಅದಕ್ಕಿಂತ ನುಣ್ಣಗಾದರೆ ಧೂಳು. ಒಡೆದದ್ದನ್ನು ಮೊರದಲ್ಲಿ ಕೇರು, ಇಲ್ಲವೇ ಸಣ್ಣ ಜರಡಿಯಲ್ಲಿ ಆಡಿಸಿ ಕೆಳಗೆ ಬಿದ್ದ ಪುಡಿಯನ್ನು ಬಿಸಾಡು. ಕೇರುವಾಗ ಮೂಗಿಗೆ ಬಟ್ಟೆ ಕಟ್ಟಿಕೋ.

ಬಾಯ್ಲರಿನಿಂದ ತೆಗೆದ ಹೊಟ್ಟಿನ ಬೂದಿ ಪುಕ್ಕಟೆ ಸಿಕ್ಕರೂ ಬೇಡ. ಬಹಳ ಬಿಸಿಯಲ್ಲಿ ಸುಟ್ಟ ಬೂದಿಯ ಸಿಲಿಕಾ ಹರಳುಗಟ್ಟಿರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಇಳಿದರೆ ನಿನಗೂ ಕೇಡು, ನೆಲಕ್ಕೆ ಮೂಗಿಟ್ಟು ಕೆದರುವ ಬೆಕ್ಕಿಗೆ ಇನ್ನೂ ಕೇಡು. ಇನ್ನೊಂದು ಕಾರಣವೂ ಇದೆ. ಬೂದಿ ಕ್ಷಾರ. ಹೊಸ ಉಚ್ಚೆಗೆ ಅಷ್ಟೊಂದು ನಾತ ಇರುವುದಿಲ್ಲ. ಅದರೊಳಗಿನ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹುಟ್ಟಿ ಕಣ್ಣು ಉರಿಸುತ್ತದೆ. ಕ್ಷಾರದ ಜೊತೆ ಸೇರಿದರೆ ಆ ಅಮೋನಿಯಾ ಬೇಗ ಗಾಳಿಗೇಳುತ್ತದೆ, ಸ್ವಲ್ಪ ಹುಳಿಗುಣದ ವಸ್ತುವಿನಲ್ಲಾದರೆ ಅಲ್ಲೇ ಹಿಡಿದುಕೊಂಡು ನಿಲ್ಲುತ್ತದೆ. ಸುಣ್ಣ ಎರಚುವವರೂ ಇದ್ದಾರೆ, ಅದೂ ಇದೇ ತಪ್ಪು. ಅಮೋನಿಯಾ ತಡೆಯಲು ಅಡುಗೆ ಸೋಡಾದಿಂದಲೂ ಹೆಚ್ಚಿನ ಉಪಯೋಗವಿಲ್ಲ.

ಹೊಟ್ಟಿಗೆ ಹೀರುವ ಶಕ್ತಿ ಕಡಿಮೆ ಎಂದೆನಲ್ಲ, ಆ ಕೊರತೆಯನ್ನು ತೆಂಗಿನ ನಾರಿನ ಪುಡಿ ತುಂಬುತ್ತದೆ. ಕೋಕೋಪೀಟ್ ಎಂದು ನರ್ಸರಿಗಳಲ್ಲಿ ಇಟ್ಟಿಗೆಯಾಗಿ ಒತ್ತಿ ಮಾರುತ್ತಾರಲ್ಲ, ಅದೇ. ರಾಜಮಂಡ್ರಿ ಹತ್ತಿರದ ಕಡಿಯಂ ನರ್ಸರಿಗಳ ಊರು, ಕೋನಸೀಮೆ ತೆಂಗಿನ ನಾಡು, ನಿನಗೆ ಅದಕ್ಕೆ ಬರವಿಲ್ಲ. ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುತ್ತದೆ, ಗುಣ ತುಸು ಹುಳಿ, ಆದ್ದರಿಂದ ನಾತವನ್ನೂ ಹಿಡಿಯುತ್ತದೆ. ಆದರೆ ಬರೀ ಕೋಕೋಪೀಟ್ ಹಾಕಿದರೆ ಒದ್ದೆಯಾಗಿಯೇ ಕೂತು ಬೆಕ್ಕಿನ ಕಾಲಿಗೆ ಮೆತ್ತುತ್ತದೆ, ನಿನ್ನ ಬಿಳಿ ಟೈಲ್ಸಿನ ಮೇಲೆಲ್ಲ ಕಂದು ಹೆಜ್ಜೆ. ಎರಡು ಪಾಲು ಒಡೆದ ಹೊಟ್ಟು, ಒಂದು ಪಾಲು ಕೋಕೋಪೀಟ್, ಹೀಗೆ ಬೆರೆಸು. ಹೊಟ್ಟು ಸಡಿಲವಾಗಿಡುತ್ತದೆ, ನಾರು ಹೀರುತ್ತದೆ. ಕೊಳ್ಳುವಾಗ ಉಪ್ಪು ತೊಳೆದದ್ದೇ ಎಂದು ವಿಚಾರಿಸು. ಗೊಬ್ಬರ, ಬೇವಿನ ಹಿಂಡಿ ಬೆರೆಸಿದ ಕುಂಡದ ಮಣ್ಣನ್ನು ಕೊಟ್ಟುಬಿಟ್ಟಾರು, ಅದು ಬೆಕ್ಕಿಗಲ್ಲ.

ಬೇರೆ ಕಸಗಳ ಮಾತು ಬಂದಾಗ ಎಚ್ಚರ ಹೆಚ್ಚು ಬೇಕು. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ಒಡೆದರೆ ಒಳ್ಳೆಯ ಲಿಟರ್ ಆಗುತ್ತದೆ, ಹೊರದೇಶಗಳಲ್ಲಿ ಮೆಕ್ಕೆಜೋಳದಿಂದಲೇ ಮಾಡಿ ಮಾರುತ್ತಾರೆ. ಆದರೆ ಮೆಕ್ಕೆಜೋಳಕ್ಕೂ ಶೇಂಗಾ ಸಿಪ್ಪೆಗೂ ಬೂಷ್ಟು ಬೇಗ ಹಿಡಿಯುತ್ತದೆ, ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಬೆಕ್ಕು ಕಾಲು ನೆಕ್ಕಿದರೆ ಅದು ಹೊಟ್ಟೆಗೇ ಹೋಗುತ್ತದೆ. ಕರಿ, ಹಸಿರು ಮಚ್ಚೆ ಕಂಡ ರಾಶಿಯನ್ನು ಮುಟ್ಟಬೇಡ. ವುಯ್ಯೂರಿನ ಸಕ್ಕರೆ ಕಾರ್ಖಾನೆ ಕಡೆಯಿಂದ ಕಬ್ಬಿನ ಸಿಪ್ಪೆ ತರಿಸುವ ಯೋಚನೆ ಇದ್ದರೆ ಅದನ್ನೂ ಬಿಡು. ಸಕ್ಕರೆಯಂಶ ಉಳಿದಿರುತ್ತದೆ, ಇರುವೆ ತಪ್ಪದು. ಒದ್ದೆಯಾಗಿ ಬೂಷ್ಟು ಹಿಡಿದ ಹಳೆಯ ರಾಶಿಯ ಧೂಳಿನಿಂದ ಕಾರ್ಮಿಕರಿಗೆ ಶ್ವಾಸಕೋಶದ ಕಾಯಿಲೆ ಬಂದದ್ದು ವೈದ್ಯರ ಪುಸ್ತಕಗಳಲ್ಲೇ ಇದೆ.

ಕೋಕೋ ಬೀಜದ ಸಿಪ್ಪೆಯನ್ನಂತೂ ಕನಸಿನಲ್ಲೂ ಎಣಿಸಬೇಡ. ಏಲೂರು, ಪಶ್ಚಿಮ ಗೋದಾವರಿ ಕಡೆಯ ತೆಂಗಿನ ತೋಟಗಳ ನಡುವೆ ಕೋಕೋ ಬೆಳೆಯುತ್ತಾರೆ, ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೂ ಇದೆ. ಆ ಸಿಪ್ಪೆ ನೋಡಲು ಚೆಂದ, ಚಾಕೊಲೇಟಿನ ಪರಿಮಳ. ಅದರಲ್ಲಿರುವ ಥಿಯೋಬ್ರೋಮಿನ್ ನಾಯಿಗೂ ಬೆಕ್ಕಿಗೂ ವಿಷ. ಕಾಫಿ ಸಿಪ್ಪೆಯಲ್ಲಿ ಕೆಫೀನ್. ಮರದ ಪುಡಿ ತರುವುದಾದರೆ ಗರಗಸದ ನುಣ್ಣನೆ ಪುಡಿಯಲ್ಲ, ಉಜ್ಜುಗೊರಡಿನ ದಪ್ಪ ಚಕ್ಕೆ ಕೇಳು. ಪ್ಲೈವುಡ್, ಎಂಡಿಎಫ್ ಕೊಯ್ದ ಪುಡಿ ಬೆರೆತಿದ್ದರೆ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಬೆಕ್ಕಿನ ಮೂಗಿಗೆ ಹೊಡೆಯುತ್ತದೆ. ಬಾಯ್ಲರಿಗೆಂದು ಮಾರುವ ಪೆಲೆಟ್ ಒದ್ದೆಯಾದಾಗ ಪುಡಿಯಾಗಿ ಚೆನ್ನಾಗಿ ಹೀರುತ್ತದೆ ನಿಜ, ಆದರೆ ಅದರಲ್ಲಿ ಏನೇನು ಅರೆದು ಒತ್ತಿದ್ದಾರೆ ಎಂದು ಮಾರುವವನು ಬಾಯಿಬಿಟ್ಟು ಹೇಳಿದರೆ ಮಾತ್ರ ತಾ.

ಚೀಲದ ವಿಷಯ ಮರೆಯುವವರೇ ಹೆಚ್ಚು. ಗುಂಟೂರು ನಿನ್ನಿಂದ ದೂರವಿಲ್ಲ, ಅಲ್ಲಿಯ ಮೆಣಸಿನಕಾಯಿ ತುಂಬಿದ್ದ ಗೋಣಿಚೀಲಗಳು ನಿಮ್ಮ ಕಡೆಯ ಹಳೇ ಚೀಲದ ಅಂಗಡಿಗಳಿಗೂ ಬರುತ್ತವೆ. ಅಂಥ ಚೀಲದಲ್ಲಿ ಹೊಟ್ಟು ತುಂಬಿದರೆ ಖಾರದ ಘಾಟು ಅದರ ಜೊತೆಗೇ ಬರುತ್ತದೆ. ಗೊಬ್ಬರದ, ಕ್ರಿಮಿನಾಶಕದ ಚೀಲಗಳೂ ಅಷ್ಟೇ. ಮನೆಯ ಅಕ್ಕಿಚೀಲಗಳನ್ನು ಜೋಪಾನ ಮಾಡಿ, ಒಗೆದು ಒಣಗಿಸಿ, ಮಿಲ್ಲಿಗೆ ನೀನೇ ತೆಗೆದುಕೊಂಡು ಹೋಗು.

ಇನ್ನು ಒಣಗಿಸುವುದು. ಎಲ್ಲ ಕೆಲಸಕ್ಕಿಂತ ಮುಖ್ಯವಾದದ್ದು ಇದೇ, ಜನ ಅವಸರ ಮಾಡುವುದೂ ಇಲ್ಲೇ. ವಿಜಯವಾಡದ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಎಲ್ಲರೂ ಶಪಿಸುತ್ತಾರೆ, ನಿನಗೆ ಮಾತ್ರ ಅದು ಬಂಡವಾಳ. ಟೆರೇಸಿನ ಮೇಲೆ ಕರಿ ತಾಡಪತ್ರಿ ಹಾಸಿ ಒಂದು ಬೆರಳು ದಪ್ಪಕ್ಕೆ ಹರವು. ಮಧ್ಯಾಹ್ನ ಒಮ್ಮೆ ಕೈಯಾಡಿಸು, ಸಂಜೆಯ ತಂಪು ಇಳಿಯುವ ಮುಂಚೆ ಮುಚ್ಚು. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ರಾತ್ರಿ ತೆರೆದಿಟ್ಟರೆ ಹಗಲು ಒಣಗಿದ್ದೆಲ್ಲ ಮತ್ತೆ ಹೀರಿಕೊಳ್ಳುತ್ತದೆ. ಒಣಗಿತೋ ಇಲ್ಲವೋ ಎಂದು ತಿಳಿಯಲು ಒಂದು ಹಿಡಿಯನ್ನು ಗಾಜಿನ ಉಪ್ಪಿನಕಾಯಿ ಭರಣಿಗೆ ಹಾಕಿ, ಮುಚ್ಚಳ ಬಿಗಿದು ಬಿಸಿಲಿಗಿಡು. ಸ್ವಲ್ಪ ಹೊತ್ತಿಗೆ ಮುಚ್ಚಳದ ಒಳಗೆ ಮಂಜು ಕಟ್ಟಿದರೆ ಇನ್ನೂ ತೇವ ಇದೆ. ಗಾಜು ತಿಳಿಯಾಗಿಯೇ ಉಳಿದರೆ ತುಂಬಿಡಬಹುದು. ಜೂನ್‌ನಿಂದ ಮಳೆ, ಅಕ್ಟೋಬರ್, ನವೆಂಬರಿನಲ್ಲಿ ಮತ್ತೆ ಚಂಡಮಾರುತದ ಕಾಲ. ಆದ್ದರಿಂದ ಮೇ ಮುಗಿಯುವ ಮೊದಲೇ ಮಳೆಗಾಲಕ್ಕೆ ಬೇಕಾದಷ್ಟನ್ನು ಬಿಗಿ ಮುಚ್ಚಳದ ಡ್ರಮ್ಮಿಗೆ ಹಾಕಿಡು, ಡ್ರಮ್ಮನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ ನಿಲ್ಲಿಸು.

ಗಡ್ಡೆ ಕಟ್ಟಬೇಕು ಅನ್ನುವ ಆಸೆ ನಿನಗಿದೆ, ಗೊತ್ತು. ಚವಳಿಕಾಯಿ ಬೀಜದಿಂದ ತೆಗೆದ ಗ್ವಾರ್ ಗಮ್ ಪುಡಿ, ಮರಗೆಣಸಿನ ಹಿಟ್ಟು, ಇವನ್ನೇ ಕಂಪನಿಗಳು ಅದಕ್ಕಾಗಿ ಬಳಸುವುದು. ಯಂತ್ರದಲ್ಲಿ ಒತ್ತಿ ಒಣಗಿಸುವವರಿಗೆ ಅದು ಸರಿ. ಮನೆಯಲ್ಲಿ ಕೈಯಿಂದ ಬೆರೆಸಿದರೆ ಪಿಷ್ಟ ಮಳೆಗಾಲದಲ್ಲಿ ಬೂಷ್ಟಿಗೆ ಊಟವಾಗುತ್ತದೆ. ನಿನ್ನ ಸಣ್ಣ ಮರಿ ಇನ್ನೂ ಕಂಡದ್ದಕ್ಕೆಲ್ಲ ಬಾಯಿ ಹಾಕುವ ವಯಸ್ಸಿನದು, ಹೊಟ್ಟೆಯೊಳಗೆ ಉಬ್ಬಿ ಅಂಟುವ ವಸ್ತು ಅದಕ್ಕೆ ಅಪಾಯ. ಅದರ ಬದಲು ಎರಡು ತಟ್ಟೆ ಇಟ್ಟುಕೋ: ಮೇಲಿನದಕ್ಕೆ ಸಣ್ಣ ತೂತು, ಕೆಳಗಿನದು ಇಡಿಯಾದದ್ದು. ಮೇಲಿನದರಲ್ಲಿ ಎರಡು ಮೂರು ಅಂಗುಲ ಹೊಟ್ಟಿನ ಮಿಶ್ರಣ, ಕೆಳಗಿನದರಲ್ಲಿ ತೆಳುವಾಗಿ ಬರೀ ಕೋಕೋಪೀಟ್. ಹೆಚ್ಚಾದ ಉಚ್ಚೆ ಕೆಳಗಿಳಿಯುತ್ತದೆ, ಮೇಲೆ ಒಣಗಿಯೇ ಇರುತ್ತದೆ.

ಯಾವಾಗ ಬದಲಾಯಿಸಬೇಕು ಎಂಬುದಕ್ಕೆ ಕೋಳಿ ಫಾರಂನವರ ಲೆಕ್ಕ ಒಳ್ಳೆಯದು. ಪಶು ಇಲಾಖೆಯಲ್ಲಿದ್ದಾಗ ಫಾರಂಗಳಿಗೆ ಹೋದರೆ ನಾವು ಮೊದಲು ಮಾಡುತ್ತಿದ್ದದ್ದು ಅದೇ. ನೆಲಕ್ಕೆ ಹಾಸಿದ ಹೊಟ್ಟನ್ನೂ ಅವರು ಲಿಟರ್ ಎಂದೇ ಕರೆಯುತ್ತಾರೆ. ಒಂದು ಮುಷ್ಟಿ ಎತ್ತಿ ಬಿಗಿಯಾಗಿ ಹಿಂಡಿ ಕೈ ಬಿಚ್ಚಬೇಕು. ಉಂಡೆಯಾಗಿಯೇ ನಿಂತರೆ ತೇವ ಹೆಚ್ಚಾಗಿದೆ, ಬಿರುಕು ಬಿಟ್ಟು ಉದುರಿದರೆ ಸರಿಯಿದೆ. ನೀನು ಕೈಗವಸು ಹಾಕಿಕೊಂಡು ನೋಡು. ಮಲವನ್ನು ಮಾತ್ರ ದಿನವೂ, ಸಾಧ್ಯವಾದರೆ ಎರಡು ಹೊತ್ತೂ ತೆಗೆಯಬೇಕು. ಎರಡು ಬೆಕ್ಕಿಗೆ ಮೂರು ಪೆಟ್ಟಿಗೆ ಇದ್ದರೆ ಜಗಳವಿಲ್ಲ.

ದಿನವೂ ತೆಗೆಯಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣ ನಾತವೊಂದೇ ಅಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ತನ್ನ ಜೀವನಚಕ್ರವನ್ನು ಪೂರ್ಣಗೊಳಿಸಿಕೊಳ್ಳುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಸೋಂಕು ತಗಲಿದ ಬೆಕ್ಕಿನ ಮಲದಲ್ಲಿ ಅದರ ತತ್ತಿಗಳು ಹೊರಬರುತ್ತವೆ. ಬಂದ ಕೂಡಲೇ ಅವಕ್ಕೆ ರೋಗ ಹರಡುವ ಶಕ್ತಿ ಇರುವುದಿಲ್ಲ, ಒಂದರಿಂದ ಐದು ದಿನ ಬೇಕು. ಅಷ್ಟರೊಳಗೆ ತೆಗೆದುಬಿಟ್ಟರೆ ಅರ್ಧ ಗೆದ್ದಂತೆ. ನಿನ್ನ ನಾದಿನಿ ಹೆರಿಗೆಗೆ ನಿಮ್ಮ ಮನೆಗೇ ಬರುವವಳು. ಬಸುರಿಗೆ ಹೊಸದಾಗಿ ಈ ಸೋಂಕು ತಗಲಿದರೆ ಹೊಟ್ಟೆಯಲ್ಲಿರುವ ಕೂಸಿಗೆ ತೊಂದರೆಯಾಗಬಹುದು. ಅವಳು ಇರುವಷ್ಟು ದಿನ ಪೆಟ್ಟಿಗೆಯ ಕೆಲಸ ನಿನ್ನದು ಇಲ್ಲವೇ ಅಳಿಯಂದಿರದು, ಅವಳದಲ್ಲ. ಹಾಗೆಂದು ಬೆಕ್ಕನ್ನು ಹೊರಗೆ ಹಾಕು ಅನ್ನುವವರ ಮಾತು ಕೇಳಬೇಡ. ಬೇಯಿಸಿದ್ದನ್ನೇ ತಿಂದು ಮನೆಯೊಳಗೇ ಇರುವ ಬೆಕ್ಕಿನಿಂದ ಅಪಾಯ ಕಡಿಮೆ. ಹಸಿ ಮಾಂಸ ಮುಟ್ಟಿದ ಕೈ, ತೊಳೆಯದ ಸೊಪ್ಪು, ಇವೂ ಅದೇ ರೋಗದ ದಾರಿಗಳು.

ತೆಗೆದದ್ದನ್ನು ಎಲ್ಲಿ ಹಾಕುತ್ತೀ? ಗಿಡದ ವಸ್ತು ಎಂದುಕೊಂಡು ಕರಿಬೇವಿನ ಕುಂಡಕ್ಕೆ, ಕೊತ್ತಂಬರಿ ಮಡಿಗೆ ಹಾಕಲೇಬೇಡ, ಆ ತತ್ತಿಗಳು ತೇವದ ಮಣ್ಣಿನಲ್ಲಿ ವರ್ಷಕ್ಕೂ ಹೆಚ್ಚು ಬದುಕಬಲ್ಲವು. ವಿಜಯವಾಡದಿಂದ ಏಲೂರಿನ ಕಡೆ ಹೋಗುವ ಕಾಲುವೆಯ ದಂಡೆಗೂ ಸುರಿಯಬೇಡ, ಕಕ್ಕಸಿಗೂ ಬೇಡ. ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ನೀರುನಾಯಿಗಳು ಈ ರೋಗದಿಂದ ಸತ್ತವು, ನೆಲದ ಮೇಲಿನ ಬೆಕ್ಕಿನ ಮಲ ಮಳೆನೀರಿನ ಜೊತೆ ಕಡಲು ಸೇರಿದ್ದೇ ಅದರ ಮೂಲ. ಮಲವನ್ನು ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಬೇರೆಯಾಗಿ ಕೊಡು, ಇಲ್ಲವೇ ಹಿತ್ತಲಿದ್ದರೆ ಬಾವಿಯಿಂದ ದೂರ ಆಳವಾದ ಗುಂಡಿ ತೋಡಿ ಮುಚ್ಚು. ಉಚ್ಚೆಯ ಹೊಟ್ಟನ್ನು ಬೇರೆ ಗುಂಡಿಯಲ್ಲಿ ಒಣ ಎಲೆಯ ಜೊತೆ ತಿಂಗಳುಗಟ್ಟಲೆ ಕೊಳೆಸಿ ಮಲ್ಲಿಗೆಗೋ ದಾಸವಾಳಕ್ಕೋ ಹಾಕಬಹುದು, ತಿನ್ನುವ ಗಿಡಕ್ಕೆ ಬೇಡ.

ತಟ್ಟೆ ತೊಳೆಯಲು ಫಿನಾಯಿಲ್ ಮುಟ್ಟಬೇಡ. ಆ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಕಾಲಿಗೆ ಅಂಟಿದ್ದನ್ನು ನೆಕ್ಕಿಯೇ ಸತ್ತ ಬೆಕ್ಕುಗಳುಂಟು. ಸಾಬೂನು, ಬಿಸಿನೀರು, ಬಿಸಿಲು ಸಾಕು. ಕರ್ಪೂರ, ನೀಲಗಿರಿ ಎಣ್ಣೆ, ನಾಫ್ತಲಿನ್ ಗುಳಿಗೆ, ಅತ್ತರು, ಇವೆಲ್ಲ ನಮ್ಮ ಮೂಗಿಗೆ ಹಿತ, ಬೆಕ್ಕಿನ ಮೂಗಿಗೆ ಹಿಂಸೆ.

ಹೊಸ ಲಿಟರನ್ನು ಒಂದೇ ದಿನಕ್ಕೆ ಬದಲಾಯಿಸಬೇಡ. ಹಳೆಯದರ ಪಕ್ಕದಲ್ಲೇ ಹೊಸದರ ಪೆಟ್ಟಿಗೆ ಇಡು, ಹಳೆಯದರಲ್ಲೂ ಒಂದೊಂದು ಹಿಡಿ ಬೆರೆಸುತ್ತಾ ಹೋಗು. ಬೆಕ್ಕು ಅಂಚಿನ ಮೇಲೆ ಕಾಲೂರಿ ಕೂತರೆ, ಹೊರಗೆ ಬಂದ ಮೇಲೆ ಪಾದ ಕೊಡವಿದರೆ, ಮುಚ್ಚದೆ ಓಡಿದರೆ ಅದಕ್ಕೆ ಹಿಡಿಸಿಲ್ಲ. ಧೂಳಾಗದ ಹಾಗೆ ಇನ್ನೊಂದಿಷ್ಟು ಸಣ್ಣಗೆ ಒಡೆಸಿ ನೋಡು. ಮರಿಗೆ ಸಂತಾನಹರಣ ಮಾಡಿಸಿದ ಮೇಲೆ ಗಾಯ ಮಾಯುವವರೆಗೆ ಹೊಟ್ಟು ಬೇಡ, ಹರಿದ ಪೇಪರಿನ ಚೂರುಗಳೇ ಸಾಕು, ಗಾಯಕ್ಕೆ ಏನೂ ಅಂಟುವುದಿಲ್ಲ. ಗಂಡುಬೆಕ್ಕು ಪದೇ ಪದೇ ಪೆಟ್ಟಿಗೆಗೆ ಹೋಗಿ, ಕೂಗಿ, ಒಂದು ಹನಿಯೂ ಬಾರದೆ ಎದ್ದು ಬಂದರೆ ಅದನ್ನು ಲಿಟರಿನ ತಪ್ಪೆಂದು ತಿಳಿದು ಕೂರಬೇಡ. ಮೂತ್ರನಾಳ ಕಟ್ಟಿರಬಹುದು, ಒಂದೆರಡು ದಿನದಲ್ಲಿ ಜೀವಕ್ಕೇ ಬರುವ ಕಾಯಿಲೆ ಅದು. ನಿನ್ನ ಪುಣ್ಯಕ್ಕೆ ಶ್ರೀ ವೆಂಕಟೇಶ್ವರ ಪಶುವೈದ್ಯ ವಿಶ್ವವಿದ್ಯಾಲಯದ ಎನ್‌ಟಿಆರ್ ಪಶುವೈದ್ಯಕೀಯ ಕಾಲೇಜು ಗನ್ನವರಂನಲ್ಲೇ ಇದೆ. ಬೆಳಗಾಗಲಿ ಎಂದು ಕಾಯದೆ ಯಾರಾದರೂ ವೈದ್ಯರ ಕೈಗೆ ಮುಟ್ಟಿಸು.

ಅಪಾರ್ಟ್‌ಮೆಂಟಿನವರಿಗೂ ಮಾರುವ ವಿಚಾರ ಇದೆ ಎಂದೆಯಲ್ಲ, ಅದಕ್ಕೂ ಈ ಕಾಕಾನ ಒಪ್ಪಿಗೆ ಇದೆ. ಮೊದಲು ನಿನ್ನ ಎರಡು ಬೆಕ್ಕುಗಳು ಒಂದು ಬೇಸಿಗೆ, ಒಂದು ಮಳೆಗಾಲ ಅದನ್ನೇ ಬಳಸಲಿ. ಚೀಲದ ಮೇಲೆ ಹೊಟ್ಟು ಎಷ್ಟು, ನಾರು ಎಷ್ಟು, ಯಾವ ತಿಂಗಳು ಒಣಗಿಸಿದ್ದು ಎಂದು ತೆಲುಗಿನಲ್ಲಿ ದಪ್ಪಕ್ಷರದಲ್ಲಿ ಬರೆಸು. ಗಡ್ಡೆ ಕಟ್ಟುವುದಿಲ್ಲ ಎಂಬುದನ್ನೂ, ತೆಗೆದದ್ದನ್ನು ತರಕಾರಿ ಗಿಡಕ್ಕೆ ಹಾಕಬಾರದು ಎಂಬುದನ್ನೂ ಅಷ್ಟೇ ದಪ್ಪಕ್ಷರದಲ್ಲಿ ಹಾಕಿಸು. ಮಳೆಗಾಲದಲ್ಲಿ ಒಣಗಿಸಲಾಗದಿದ್ದರೆ ಆ ತಿಂಗಳು ಮಾಲಿಲ್ಲ ಎಂದು ಹೇಳು, ತೇವದ ಹೊಟ್ಟನ್ನು ಮಾತ್ರ ಯಾರ ಮನೆಗೂ ಕೊಡಬೇಡ.